ಅಪ್ಪನ ಟ್ರಂಕು, ಅಮ್ಮನ ಹೆಸರು, ಹನ್ನೊಂದು ತಿಂಗಳು

ಜನವರಿಯ ಕೊನೆಯ ವಾರ. ಅಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿದ್ದ ಮೊಬೈಲು ಟಿಣ್ ಅಂತು. ಕೈಯೆಲ್ಲ ಸೊಗಡು, ಅದನ್ನು ಮುಟ್ಟದೆ ಮೊಣಕೈಯಿಂದ ನನ್ನ ಕಡೆ ತಳ್ಳಿ, "ಅದೇನ್ ನೋಡವ್ವ, ಇನ್ನೂ ಸಾಲ ಕೊಡ್ತೀವಿ ಅಂತವ್ರಾ" ಅಂದಳು. ಸಾಲದ ಮೆಸೇಜ್ ಆಗಿರಲಿಲ್ಲ. ಅಪ್ಪ ಹೋದ ಮೇಲೆ ಅಮ್ಮನಿಗೆ ಬರಬೇಕಿದ್ದ, ಹನ್ನೊಂದು ತಿಂಗಳಿಂದ ಕಾಯುತ್ತಿದ್ದ ಸೇನೆಯ ಕುಟುಂಬ ಪಿಂಚಣಿ, ಹಿಂಬಾಕಿ ಸಮೇತ, ಖಾತೆಗೆ ಬಿದ್ದಿತ್ತು.

ಈ ಹನ್ನೊಂದು ತಿಂಗಳಲ್ಲಿ ನಾನು ಹತ್ತಾರು ಜನರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಕಾಗದದ ಹೆಸರು ಹೇಳಿದರು. ಮೊದಲು ಯಾವುದು, ಆಮೇಲೆ ಯಾವುದು, ಯಾವುದು ಕೈಕೊಡುತ್ತದೆ ಅಂತ ಒಟ್ಟಾಗಿ ಯಾರೂ ಹೇಳಲಿಲ್ಲ. ನಿಮ್ಮ ಮನೆಯಲ್ಲೂ ಹಳೇ ಸೈನಿಕರಿದ್ದರೆ, ಅದರಲ್ಲೂ ಸೇನೆಯಿಂದ ಬಂದ ಮೇಲೆ ಕಾರ್ಖಾನೆಯಲ್ಲಿ ದುಡಿದವರಿದ್ದರೆ, ಇದು ಉಪಯೋಗಕ್ಕೆ ಬರಬಹುದು.

ಅಪ್ಪನ ಬಗ್ಗೆ ಮೊದಲು ಒಂದಿಷ್ಟು ಹೇಳಬೇಕು. ನಾಗಮಂಗಲ ತಾಲ್ಲೂಕಿನ ಮಳೆ ನಂಬಿದ ಹಳ್ಳಿ. 1966ರಲ್ಲಿ, ಹದಿನೆಂಟು ತುಂಬಿದ ವರ್ಷ, ಮನೆಯಲ್ಲಿ ಹೇಳದೆ ಬೆಂಗಳೂರಿನ ಬಸ್ಸು ಹತ್ತಿ ಹಲಸೂರು ಕೆರೆ ದಂಡೆಯ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಭರ್ತಿಯಾದರು. ಮದ್ರಾಸ್ ಸ್ಯಾಪರ್ಸ್ ಅಂತ ಕರೆದುಕೊಳ್ಳುವುದಕ್ಕಿಂತ ಅವರು 'ತಂಬಿ' ಅಂತಲೇ ಹೇಳಿಕೊಳ್ಳುತ್ತಿದ್ದರು. ಆ ಪಡೆಯವರಿಗೆಲ್ಲ ಅದೇ ಅಡ್ಡಹೆಸರು. 1971ರ ಡಿಸೆಂಬರಿನ ಪಾಕಿಸ್ತಾನದ ಯುದ್ಧದಲ್ಲಿ ಅವರಿದ್ದದ್ದು 9 ಇಂಜಿನಿಯರ್ ರೆಜಿಮೆಂಟಿನ ಜೊತೆ, ಶಕರ್‌ಗಢ ಕಡೆ, ಬಸಂತರ್ ನದಿಯ ಹತ್ತಿರ. ಟ್ಯಾಂಕುಗಳು ದಾಟುವುದಕ್ಕೆ ಮುಂಚೆ ನೆಲಬಾಂಬು ತೆಗೆದು ದಾರಿ ಮಾಡಿಕೊಡುವುದು ಇವರ ಕೆಲಸ. ಅಲ್ಲಿ ಟ್ಯಾಂಕಿನಲ್ಲಿ ಹೋರಾಡಿ ಮಡಿದ ಅರುಣ್ ಖೇತರ್‌ಪಾಲ್ ಪರಮವೀರ ಚಕ್ರದ ಕಥೆ ಎಲ್ಲರಿಗೂ ಗೊತ್ತು. ಆ ಟ್ಯಾಂಕುಗಳ ಮುಂದೆ ಹೊಟ್ಟೆ ಮೇಲೆ ತೆವಳಿ ನೆಲ ಚುಚ್ಚಿದವರ ಕಥೆ ಕಮ್ಮಿ ಜನಕ್ಕೆ ಗೊತ್ತು. ಅಪ್ಪ ಅದನ್ನು ಕೈಯಲ್ಲೇ ತೋರಿಸುತ್ತಿದ್ದರು. ಊಟದ ತಟ್ಟೆಯ ಪಕ್ಕ ಚಮಚ ಹಿಡಿದು, "ನೇರ ಚುಚ್ಚಬಾರದು, ಹಿಂಗೆ ಓರೆಗೆ. ಮೈನಿನ ಪಕ್ಕೆ ಮುಟ್ಟಬೇಕು, ತಲೆ ಮುಟ್ಟಬಾರದು" ಅನ್ನುವರು. ಆ ಕೆಲಸದಲ್ಲಿ ಜೀವ ಕೊಟ್ಟು ಮರಣೋತ್ತರ ಮಹಾವೀರ ಚಕ್ರ ಪಡೆದ ಮೇಜರ್ ವಿಜಯ್ ರತನ್ ಚೌಧರಿಯವರನ್ನು 'ಚೌಧರಿ ಸಾಬ್' ಅಂತ ಕರೆಯುತ್ತಿದ್ದರು, ಆಮೇಲೆ ಸ್ವಲ್ಪ ಹೊತ್ತು ಮಾತು ನಿಲ್ಲುತ್ತಿತ್ತು.

ಹದಿನೈದು ವರ್ಷ ಮುಗಿಸಿ ಹವಾಲ್ದಾರ್ ಆಗಿ ಹೊರಬಂದರು. ಮಾಜಿ ಸೈನಿಕರ ಮೀಸಲಾತಿಯಲ್ಲಿ 1982ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಸೇರಿದರು. ಟೂಲ್ ರೂಮಿನಲ್ಲಿ ಕೆಲಸ. ನೆಲ ಚುಚ್ಚುತ್ತಿದ್ದ ಕೈ ಮೈಕ್ರೋಮೀಟರ್ ಹಿಡಿಯಿತು. ಬೀದಿಯವರ ನಿಂತ ಗಡಿಯಾರಗಳೆಲ್ಲ ಸಂಜೆ ನಮ್ಮನೆ ಜಗುಲಿಗೆ ಬರುತ್ತಿದ್ದವು, ಕಾಸು ತೆಗೆದುಕೊಳ್ಳುತ್ತಿರಲಿಲ್ಲ. 2001ರಲ್ಲಿ ಸ್ವಯಂ ನಿವೃತ್ತಿ. 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಮ್ಯೂಸಿಯಂ ತೆರೆದ ಮೇಲೆ ಒಂದು ಭಾನುವಾರ ಕರೆದುಕೊಂಡು ಹೋದೆವು. ಗಾಜಿನೊಳಗಿದ್ದ ಜನತಾ ವಾಚನ್ನು ನೋಡಿ, "ನಮ್ಮನೇಲಿ ಇರೋದು ಇದಕ್ಕಿಂತ ಚೆನ್ನಾಗಿ ಓಡ್ತದೆ" ಅಂತ ಅಲ್ಲಿದ್ದ ಹುಡುಗನಿಗೆ ಹೇಳಿ ಬಂದರು.

2024ರ ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಅಪ್ಪ ಏಳಲಿಲ್ಲ. ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಮೊದಲ ತೊಡಕು ಅವತ್ತೇ ಶುರುವಾಗಿತ್ತು, ನಮಗೆ ಗೊತ್ತಾಗಿರಲಿಲ್ಲ. ಬೆಂಗಳೂರಿನ ಮನೆಯಲ್ಲಿ ತೀರಿಕೊಂಡವರನ್ನು ಮಧ್ಯಾಹ್ನದೊಳಗೆ ಊರಿಗೆ ಕರೆದೊಯ್ದು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಮೂವರು ಹಳೇ ತಂಬಿಗಳು ಪದಕ ಹಾಕಿಕೊಂಡು ಬಂದು ಸೆಲ್ಯೂಟ್ ಹೊಡೆದರು. ಮೂರನೇ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ. ಅದೆಲ್ಲ ಮುಗಿದ ಮೇಲೆ ಮರಣ ಪತ್ರ ಮಾಡಿಸೋಣ ಅಂತ ಊರಿನ ಪಂಚಾಯಿತಿಗೆ ಹೋದರೆ, ಸಾವು ಎಲ್ಲಾಯಿತೋ ಅಲ್ಲೇ ನೋಂದಣಿ ಆಗಬೇಕು, ಮಣ್ಣಾದ ಕಡೆ ಅಲ್ಲ ಅಂದರು. ಬೆಂಗಳೂರಿಗೆ ಬಂದರೆ ಚಿತಾಗಾರದ ರಸೀದಿ ಎಲ್ಲಿ ಅಂದರು. ಹೊಲದಲ್ಲಿ ಮಣ್ಣು ಮಾಡಿದವರಿಗೆ ಯಾವ ರಸೀದಿ? ಅಪ್ಪನನ್ನು ನೋಡುತ್ತಿದ್ದ ನಮ್ಮ ಬೀದಿ ಡಾಕ್ಟರು ಸಾವಿನ ಕಾರಣ ಬರೆದುಕೊಟ್ಟಿದ್ದ ಪತ್ರ, ಮಣ್ಣು ಮಾಡಿದ್ದಕ್ಕೆ ಪಂಚಾಯಿತಿಯವರ ಪತ್ರ, ಇಬ್ಬರು ಅಕ್ಕಪಕ್ಕದವರ ಹೇಳಿಕೆ, ಇಷ್ಟು ಸೇರಿಸಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಹತ್ತೊಂಬತ್ತು ದಿನ ಆಗಿತ್ತು. 21 ದಿನದೊಳಗೆ ನೋಂದಣಿ ಆದರೆ ಶುಲ್ಕ ಇಲ್ಲ, ಅನುಮತಿಯ ತಲೆನೋವೂ ಇಲ್ಲ. 30 ದಿನ ದಾಟಿದರೆ ಮೇಲಿನವರ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು. ದುಃಖದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಅನ್ನಬೇಡಿ. ಹತ್ತಿರದ ನೆಂಟರಲ್ಲಿ ಅಳು ಕಮ್ಮಿ ಇರುವವರೊಬ್ಬರಿಗೆ ಈ ಕೆಲಸ ಒಪ್ಪಿಸಿ. ಪತ್ರ ಬಂದಾಗ ಹತ್ತು ಪ್ರತಿ ತೆಗೆಸಿಕೊಳ್ಳಿ. ನಾನು ನಾಲ್ಕು ತೆಗೆಸಿದ್ದೆ, ಮತ್ತೆ ಹೋಗಬೇಕಾಯಿತು. ಮರಣ ಪತ್ರದಲ್ಲಿ ಹೆಸರು ಪಿಂಚಣಿ ಪುಸ್ತಕದಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಮುಂದೆ ಅಡ್ಡ ಬರುತ್ತದೆ.

ಆಮೇಲೆ ಟ್ರಂಕು.

ಅಟ್ಟದ ಮೇಲಿದ್ದ ಮಿಲಿಟರಿ ಹಸಿರು ಬಣ್ಣದ ಕಬ್ಬಿಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸರ್ವಿಸ್ ನಂಬರು, ರ‍್ಯಾಂಕು, ಹೆಸರು. ರ‍್ಯಾಂಕ್ ಬದಲಾದಾಗಲೆಲ್ಲ ಹಳೆಯದನ್ನು ಹೊಡೆದು ಬರೆದದ್ದರಿಂದ ಅಲ್ಲಿ ಮೂರು ಪದರ ಬಣ್ಣ. ಒಳಗೆ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಮಂಜೂರಾತಿ ಆದೇಶ ಅಂದರೆ ಪಿಪಿಓ, ಪಶ್ಚಿಮಿ ಸ್ಟಾರ್ ಪದಕ, ಸಂಗ್ರಾಮ ಪದಕ, ಕಾರ್ಖಾನೆಯ ಗುರುತಿನ ಬಿಲ್ಲೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಒಂದು ಚಿಮಟ, ನಮ್ಮ ಮೂರೂ ಜನ ಮಕ್ಕಳ ಒಂದನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಬೇಕಾದ್ದು ಮೇಲೇ ಸಿಕ್ಕಿತು ಅಂತ ತಳದವರೆಗೆ ಹೋಗಲಿಲ್ಲ. ಅದು ನನ್ನ ತಪ್ಪು, ಮುಂದೆ ಹೇಳುತ್ತೇನೆ.

ಎರಡು ಪಿಂಚಣಿ ಇದ್ದವು. ಒಂದು ಸೇನೆಯದು, ಇನ್ನೊಂದು ಕಾರ್ಖಾನೆ ಕೆಲಸಕ್ಕೆ ಭವಿಷ್ಯ ನಿಧಿಯಿಂದ ಬರುವ ಇಪಿಎಸ್-95. ಎರಡೂ ಒಟ್ಟಿಗೆ ಹೆಂಡತಿಗೆ ಬರುವುದಿಲ್ಲ, ಒಂದನ್ನು ಬಿಡಬೇಕು ಅಂತ ಸ್ವಂತ ಮಾವನಿಂದ ಹಿಡಿದು ಬ್ಯಾಂಕಿನ ಹುಡುಗನವರೆಗೆ ಎಲ್ಲರೂ ಹೇಳಿದರು. ಸುಳ್ಳು. ಎರಡಕ್ಕೂ ಹಕ್ಕಿದೆ. ಯಾರಾದರೂ ಒಂದನ್ನು ಬಿಟ್ಟುಕೊಡುವ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ.

ಇಪಿಎಸ್ ಸಲೀಸಾಗಿ ಆಯಿತು. ಕಾರ್ಖಾನೆಯ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರನ್ನು ರೇಷನ್ ಕಾರ್ಡಿನಲ್ಲಿದ್ದಂತೆ ಕೊಟ್ಟಿದ್ದರು. ಮರಣ ಪತ್ರ, ಅಪ್ಪನ ಪಿಪಿಓ ನಂಬರು, ಅಮ್ಮನ ಆಧಾರ್, ಪಾಸ್‌ಬುಕ್, ಫೋಟೋ, ಅರ್ಜಿ. ಎರಡು ಸಲ ಹೋಗಿದ್ದು, ಎರಡು ತಿಂಗಳಿಗೆ ದುಡ್ಡು ಬಂತು. ಎಷ್ಟು ಅಂತ ಕೇಳಿ: ತಿಂಗಳಿಗೆ 1,000 ರೂಪಾಯಿ. ನಿಯಮದ ಪ್ರಕಾರ ಹೆಂಡತಿಗೆ ಅರ್ಧ, ಆದರೆ 2014ರಿಂದ ಕನಿಷ್ಠ 1,000 ಅಂತ ಮಾಡಿದ್ದಾರೆ. ಅಪ್ಪನಿಗೂ ಆ ಕನಿಷ್ಠವೇ ಬರುತ್ತಿತ್ತು. ಹತ್ತೊಂಬತ್ತು ವರ್ಷ ಪಾಳಿಯಲ್ಲಿ ದುಡಿದದ್ದಕ್ಕೆ ಬದುಕಿದ್ದಾಗಲೂ ಸಾವಿರ, ಸತ್ತ ಮೇಲೂ ಸಾವಿರ. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಅಪ್ಪ ಅದನ್ನು 'ವಾಚ್ ರಿಪೇರಿ ದುಡ್ಡು' ಅಂತ ತಮಾಷೆ ಮಾಡುತ್ತಿದ್ದರು.

ಸೇನೆಯ ಪಿಂಚಣಿ ಈಗ 'ಸ್ಪರ್ಶ್' ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಮೊದಲು ಬ್ಯಾಂಕಿನವರೇ ಕೊಡುತ್ತಿದ್ದರು, ಈಗ ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಯಿಂದ ನೇರ ಖಾತೆಗೆ ಬರುತ್ತದೆ. ಅಪ್ಪ ತೀರಿಕೊಂಡದ್ದನ್ನು ಅಲ್ಲಿ ದಾಖಲಿಸಬೇಕು. ನಮಗೆ ಅದಕ್ಕೆ ಅಪ್ಪನ ಮೊಬೈಲಿಗೆ ಬರುವ ಓಟಿಪಿ ಬೇಕಾಯಿತು. ತಿಥಿಯ ಮರುದಿನವೇ ನನ್ನ ತಮ್ಮ ಮಸ್ಕತ್‌ಗೆ ವಾಪಸ್ ಹೋಗುವಾಗ, "ಸುಮ್ನೆ ಯಾಕೆ ರೀಚಾರ್ಜು" ಅಂತ ಆ ಸಿಮ್ಮನ್ನು ಹಾಗೇ ಬಿಟ್ಟಿದ್ದ. ಪುಣ್ಯಕ್ಕೆ ಪೂರ್ತಿ ಸತ್ತಿರಲಿಲ್ಲ, ರೀಚಾರ್ಜ್ ಮಾಡಿದಾಗ ಜೀವ ಬಂತು. ತೀರಿಹೋದವರ ಸಿಮ್ಮನ್ನು ಕಡೇ ಪಕ್ಷ ಒಂದು ವರ್ಷ ಉಳಿಸಿಕೊಳ್ಳಿ. ಅದು ಆಸ್ತಿ ಪತ್ರದಷ್ಟೇ ಮುಖ್ಯ.

ಇನ್ನೊಂದು ಮಾತು. ಸಾವನ್ನು ತಿಳಿಸುವುದು ತಡವಾದರೆ ಮುಂದಿನ ತಿಂಗಳ ಪಿಂಚಣಿಯೂ ಖಾತೆಗೆ ಬಂದುಬಿಡುತ್ತದೆ. ನಮಗೂ ಬಂತು. ಅದನ್ನು ತೆಗೆಯಬೇಡಿ, ವಾಪಸ್ ವಸೂಲಾಗುತ್ತದೆ. ಸಾವಿನ ದಿನದವರೆಗಿನ ಬಾಕಿ ಮಾತ್ರ ನಮ್ಮದು, ಅದನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಹಾಗೇ, ಖಾತೆ ಗಂಡ-ಹೆಂಡತಿ ಹೆಸರಲ್ಲಿ ಜಂಟಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ನಮ್ಮದು ಜಂಟಿ ಇತ್ತು. ಅಪ್ಪ ಇಂಥ ವಿಷಯದಲ್ಲಿ ಮರೆಯುವವರಲ್ಲ.

ಆದರೆ ಅರ್ಜಿ ಹಾಕಿದರೆ ಅಮ್ಮನ ಹೆಸರು ತಾಳೆಯಾಗಲಿಲ್ಲ.

ಆಧಾರ್, ವೋಟರ್ ಐಡಿ, ಬ್ಯಾಂಕು, ಎಲ್ಲ ಕಡೆ ಅಮ್ಮನ ಹೆಸರು 'ಅಮ್ಮ' ಅಂತಲೇ ಮುಗಿಯುತ್ತದೆ, ನಮ್ಮ ಕಡೆ ಆ ವಯಸ್ಸಿನ ಎಲ್ಲ ಹೆಂಗಸರ ಹೆಸರಿನಂತೆ. ಸೇನೆಯ ದಾಖಲೆಯಲ್ಲಿ ಅದು 'ದೇವಿ' ಅಂತ ಮುಗಿಯುತ್ತಿತ್ತು. ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1, ಗೊತ್ತಿಲ್ಲದವರಿಗೆಲ್ಲ ಹಾಕುವ ಹಾಗೆ. ಸೇನೆಯ ದಾಖಲೆಯಲ್ಲಿ ಡಿಸೆಂಬರ್ 16.

"ಯಾವನೋ ಹಿಂದಿ ಗುಮಾಸ್ತ ಬರ್ಕೊಂಡಿರ್ಬೇಕು, ಅವರ ಕಡೆ ಎಲ್ಲಾರೂ ದೇವಿನೇ" ಅಂದ ಮಸ್ಕತ್ತಿನಿಂದ ತಮ್ಮ. ನಾನೂ ಹಾಗೇ ಅಂದುಕೊಂಡು ಆ ಕಾಣದ ಗುಮಾಸ್ತನನ್ನು ನಾಲ್ಕು ತಿಂಗಳು ಬೈದೆ.

ಆ ನಾಲ್ಕು ತಿಂಗಳ ಕಥೆ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಬಹುಪಾಲು ವ್ಯರ್ಥ ಓಡಾಟ. ಮನೆ ಹತ್ತಿರದ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದೆ. ಆ ಹುಡುಗ ಸಂಪರ್ಕದ ನಂಬರ್ ಅಂತ ತನ್ನದೇ ಮೊಬೈಲ್ ನಂಬರ್ ಹಾಕಿಬಿಟ್ಟಿದ್ದ. ಇಂತಿಂಥ ಕಾಗದ ಕೊಡಿ ಅನ್ನುವ ಮೆಸೇಜುಗಳು ಆರು ವಾರ ಅವನಿಗೆ ಹೋದವು, ಅವನು ಅಳಿಸುತ್ತಿದ್ದ. ಸಲ್ಲಿಸುವ ಮೊದಲು ಪರದೆಯನ್ನು ನೀವೇ ಓದಿ. ಕಚೇರಿಯೊಂದರ ಹೊರಗೆ ಟೀ ಅಂಗಡಿಯಲ್ಲಿ ಒಬ್ಬ ಸಿಕ್ಕಿದ, ಹದಿನೈದು ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಮಾಡಿಸುತ್ತೇನೆ ಅಂದ. ಒಂದು ಕ್ಷಣ ಮನಸ್ಸು ಹರಿದಾಡಿತು, ನಿಜ ಹೇಳುತ್ತೇನೆ. ಅಮ್ಮ ಸೆರಗು ಕೊಡವಿ ಎದ್ದು, "ನಿಮ್ಮಪ್ಪ ಕಾಸು ಇಸ್ಕೊಳ್ದೆ ಗಡಿಯಾರ ಮಾಡ್ಕೊಟ್ಟೋರು, ನಾವು ಕಾಸು ಕೊಟ್ಟು ಅವರ ದುಡ್ಡು ಈಸ್ಕೊಬೇಕಾ, ನಡಿ" ಅಂದಳು. ನಡೆದೆವು.

ಸರಿಯಾದ ದಾರಿ ತೋರಿಸಿದ್ದು ಮಣ್ಣಿಗೆ ಬಂದಿದ್ದ ತಂಬಿಗಳಲ್ಲಿ ಒಬ್ಬರು. "ಮಗಾ, ನೀನು ಬಾಲ ಹಿಡ್ಕೊಂಡು ಎಳೀತಿದ್ದೀಯ" ಅಂದರು. ಸ್ಪರ್ಶ್‌ನಲ್ಲಿ ಇರುವುದು ದಾಖಲೆ ಕಚೇರಿ ಕಳಿಸಿದ ವಿವರ. ಮೂಲದಲ್ಲಿ ತಿದ್ದುಪಡಿ ಆಗದೆ ಪರದೆಯ ಮೇಲೆ ಏನೂ ಆಗದು. ಮೊದಲು ಅಪ್ಪ ನೋಂದಣಿ ಮಾಡಿಸಿದ್ದ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಅಲ್ಲಿಂದ ಶಿಫಾರಸಿನೊಂದಿಗೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿ, ಅಲ್ಲಿಂದ ಪ್ರಯಾಗ್‌ರಾಜ್, ತಿದ್ದುಪಡಿ ಪಿಪಿಓ, ಆಮೇಲೆ ಹಣ. ಅಪ್ಪ ಊರಿನ ವಿಳಾಸದಲ್ಲಿ ಮೈಸೂರು ಕಡೆ ನೋಂದಣಿ ಮಾಡಿಸಿದ್ದರು, ಹಾಗಾಗಿ ಬೆಂಗಳೂರಿನಲ್ಲಿ ಕೂತು ನಾವು ಅಲ್ಲಿಗೆ ಅಲೆದೆವು. ಅಮ್ಮನ ಹೆಸರಿಗೆ ವಿಧವೆಯರ ಗುರುತಿನ ಚೀಟಿಯೂ ಅಲ್ಲೇ ಆಗುವುದು. ಅಂತ್ಯಕ್ರಿಯೆಗೆ ನೆರವು ಇದೆಯಾ ಅಂತ ಅಲ್ಲೇ ಕೇಳಿ, ತಾವಾಗಿ ಯಾರೂ ಹೇಳುವುದಿಲ್ಲ.

ನಮ್ಮ ಅದೃಷ್ಟಕ್ಕೆ ಎಂಇಜಿಯ ದಾಖಲೆ ಕಚೇರಿ ಬೆಂಗಳೂರಿನಲ್ಲೇ. ಬೇರೆ ಕೆಲವು ರೆಜಿಮೆಂಟಿನವರಾಗಿದ್ದರೆ ಮಹಾರಾಷ್ಟ್ರಕ್ಕೋ ಉತ್ತರಕ್ಕೋ ಪತ್ರ ಬರೆದು ಕಾಯಬೇಕಿತ್ತು. ಜುಲೈ ತಿಂಗಳ ಒಂದು ಬೆಳಗ್ಗೆ ಅಮ್ಮ, ನಾನು, ಆ ತಂಬಿ ಅಂಕಲ್ ಹೋದೆವು. ಗೇಟಿನಲ್ಲಿ ಹೆಸರು ಬರೆಸಿ, ಮೊಬೈಲ್ ಒಪ್ಪಿಸಿ, ಬೆಂಚಿನ ಮೇಲೆ ಎರಡೂವರೆ ಗಂಟೆ. ಅಮ್ಮ ಅಪ್ಪನ ಜನತಾ ವಾಚು ಕಟ್ಟಿಕೊಂಡು ಬಂದಿದ್ದಳು, ಅವಳ ಸಣ್ಣ ಮಣಿಕಟ್ಟಿನಲ್ಲಿ ಅದು ಬಳೆಯ ಹಾಗೆ ಜಾರುತ್ತಿತ್ತು. ಆಗಾಗ ಕೀಲಿ ತಿರುಗಿಸುತ್ತಿದ್ದಳು. ದಿನಕ್ಕೊಂದು ಸಲ ಕೊಟ್ಟರೆ ಸಾಕು ಅಂತ ನಾನು ಹೇಳಲಿಲ್ಲ.

ಒಳಗೆ ಒಬ್ಬ ಹವಾಲ್ದಾರ್, ನನ್ನ ತಮ್ಮನ ವಯಸ್ಸಿನವರು. ಹಳೇ ಕಡತ ತರಿಸಿದರು. ಹಾಳೆಗಳು ಚಹಾ ಬಣ್ಣಕ್ಕೆ ತಿರುಗಿದ್ದವು. ಮದುವೆಯಾದಾಗ ಪಾರ್ಟ್ ಟೂ ಆರ್ಡರ್‌ಗಾಗಿ, ಅಂದರೆ ಸೈನಿಕರ ಸ್ವಂತ ವಿವರ ದಾಖಲಿಸುವ ಆದೇಶಕ್ಕಾಗಿ, ಸೈನಿಕರು ಕೊಡುವ ಘೋಷಣೆ ಇರುತ್ತದಂತೆ, 1975ರದ್ದು. ಅದನ್ನು ನಮ್ಮ ಕಡೆ ತಿರುಗಿಸಿ, "ಅಮ್ಮಾಜಿ, ಇದು ಗುಮಾಸ್ತ ಬರೆದಿದ್ದಲ್ಲ. ಸಾಬ್ ಸ್ವಂತ ಕೈಯಲ್ಲಿ ತುಂಬಿದ್ದಾರೆ" ಅಂದರು.

ಅಪ್ಪನ ಅಕ್ಷರವೇ. ಇಂಗ್ಲಿಷಿನ ದೊಡ್ಡಕ್ಷರ, ಪ್ರತಿಯೊಂದೂ ಕವಾಯತಿಗೆ ನಿಂತ ಹಾಗೆ ನೆಟ್ಟಗೆ. ಅಮ್ಮನ ಹೆಸರು, ಕೊನೆಗೆ ದೇವಿ. ಹುಟ್ಟಿದ ದಿನ, ಹದಿನಾರು, ಹನ್ನೆರಡು.

"ವಿಜಯ್ ದಿವಸ್" ಅಂದರು ಹವಾಲ್ದಾರ್, ನಗುತ್ತ. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ ಅಂತ ಅವರ ಲೆಕ್ಕ. ಅಪ್ಪನ ಲೆಕ್ಕ ಬೇರೆ ಅಂತ ನನಗೆ ಗೊತ್ತಿತ್ತು. ಡಿಸೆಂಬರ್ 15ರ ರಾತ್ರಿಯೆಲ್ಲ ಬಸಂತರ್ ಹತ್ತಿರ ನೆಲ ಚುಚ್ಚಿ, 16ರ ಬೆಳಕು ನೋಡಿದವರು ಅವರು.

ಅಮ್ಮ ಆ ಹಾಳೆಯನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಓದಿ ಹೇಳಿದೆ. ಹೊರಗೆ ಬಂದು ಆಟೋದಲ್ಲಿ ಕೂತು ಟ್ರಿನಿಟಿ ಸರ್ಕಲ್ ದಾಟುವವರೆಗೆ ಮಾತಿಲ್ಲ. ಆಮೇಲೆ, "ವರ್ಷಾ ವರ್ಷಾ ಆವತ್ತು ಮೈಸೂರುಪಾಕ್ ತರೋರು. ಲಡಾಯಿದು ಅನ್ಕೊಂಡಿದ್ದೆ ಕಣವ್ವ" ಅಂದಳು.

ಮನೆಗೆ ಬಂದು ಟ್ರಂಕನ್ನು ತಲೆಕೆಳಗು ಮಾಡಿದೆ. ತಳಕ್ಕೆ ಹಾಸಿದ್ದ ಹಳೇ ಪತ್ರಿಕೆಯ ಅಡಿಯಲ್ಲಿ ಆ ಘೋಷಣೆಯ ಕಾರ್ಬನ್ ಪ್ರತಿ ಇತ್ತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕನ್ನಡ: 'ರಾಗಿ ಕಣದ ಟೈಮು - ಡಿಸೆಂಬರ್?' ಅದರ ಕೆಳಗೆ 10, 12, 20 ಬರೆದು ಹೊಡೆದಿತ್ತು. ಕೊನೆಗೆ 16, ಸುತ್ತ ಒಂದು ವೃತ್ತ. ಅಜ್ಜಿ ಯಾವಾಗಲೂ ಹೇಳುತ್ತಿದ್ದದ್ದು ನೆನಪಾಯಿತು, ಕಣದಲ್ಲಿ ರಾಗಿ ತೂರುವಾಗ ನೋವು ಬಂದು ಅಮ್ಮ ಹುಟ್ಟಿದ್ದಂತೆ. ದೇವಿಗೆ ಮಾತ್ರ ಯಾವ ಟಿಪ್ಪಣಿಯೂ ಇರಲಿಲ್ಲ. ಮದುವೆಯಾಗಿ ರಜೆ ಮುಗಿಸಿ ವಾಪಸ್ ಹೋದ ಇಪ್ಪತ್ತೇಳು ವರ್ಷದ ಹುಡುಗ ಹಾಗೆ ಯಾಕೆ ಬರೆದ ಅಂತ ಕೇಳಲು ಈಗ ಯಾರೂ ಇಲ್ಲ. ಅವತ್ತೇ ತಳ ನೋಡಿದ್ದರೆ ಗುಮಾಸ್ತನಿಗೆ ಬೈಗುಳ ತಪ್ಪುತ್ತಿತ್ತು.

ಮುಂದಿನದು ಕಾಗದದ ಕೆಲಸ, ಆದರೆ ಅಮ್ಮ ಮೊಂಡು ಹಿಡಿದಳು. ಸೇನೆಯ ದಾಖಲೆಯನ್ನು ಆಧಾರಿಗೆ ಸರಿಯಾಗಿ ತಿದ್ದಿಸಬೇಕು ಅಂದರೆ, "ಆಧಾರ್‌ನೇ ತಿದ್ಸಿದ್ರೆ ಆಗಲ್ವಾ? ಅವ್ರು ಇಟ್ಟ ಹೆಸ್ರು ಇರ್ಲಿ" ಅಂದಳು. ಒಂದು ವಾರ ಇದೇ. ನಾನು ವಿಚಾರಿಸಿದೆ ಕೂಡ. ಆಧಾರಿನಲ್ಲಿ ಹುಟ್ಟಿದ ದಿನ ಬದಲಿಸಲು ಸಿಗುವುದು ಒಂದೇ ಅವಕಾಶ, ಅದಕ್ಕೆ ದಾಖಲೆ ಬೇಕು; ಆಧಾರೇ ಬದಲಾದರೆ ಬ್ಯಾಂಕು, ಇಪಿಎಸ್, ಊರಿನ ಪಹಣಿ, ಎಲ್ಲ ಕಡೆ ಮತ್ತೆ ತಾಳೆ ತಪ್ಪುತ್ತದೆ. ಇದನ್ನು ಹೇಳಿದಾಗ ಅಮ್ಮ, "ಹಂಗಾರೆ ಬುಡು" ಅಂದಳು. ಆ ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಈಗ ಅಪ್ಪ-ಅಮ್ಮ ಇಬ್ಬರೂ ಇರುವವರಿಗೆ ಒಂದು ಮಾತು, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಭಾನುವಾರವೇ ಸ್ಪರ್ಶ್ ತೆರೆದು ಹೆಂಡತಿಯ ಹೆಸರು, ಹುಟ್ಟಿದ ದಿನ, ಆಧಾರ್ ನಂಬರು ನೋಡಿ. ತಪ್ಪಿದ್ದರೆ ಪಿಂಚಣಿದಾರರು ಬದುಕಿರುವಾಗ ಅವರ ಸಹಿಯಲ್ಲಿ ತಿದ್ದಿಸುವುದು ಎಷ್ಟೋ ಸುಲಭ. ಅವರು ಹೋದ ಮೇಲೆ ಹೆಂಡತಿ, ತಾನೇ ಆ ಹೆಂಡತಿ ಅಂತ ಸಾಬೀತು ಮಾಡಬೇಕು. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದ ನನ್ನ ಅಮ್ಮ ಅದನ್ನು ಮಾಡಬೇಕಾಯಿತು.

ಸಾಬೀತಿಗೆ ಕೇಳಿದ್ದು: ಎರಡೂ ಹೆಸರಿನವರು ಒಬ್ಬರೇ ಅಂತ ಅಫಿಡವಿಟ್, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹೆಸರು ಬದಲಾವಣೆ ಜಾಹೀರಾತು, ನಾಡಕಚೇರಿಯಿಂದ ಕುಟುಂಬ ಸದಸ್ಯರ ದೃಢೀಕರಣ, ಜಂಟಿ ಫೋಟೋ, ಅಮ್ಮನ ಗುರುತಿನ ಕಾಗದಗಳು. ನಾನು ಜಾಣತನ ಮಾಡಿ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿದ್ದೇ ಬೇಕು ಅಂತ ವಾಪಸ್ ಬಂತು. ಮತ್ತೆ ಸ್ಟಾಂಪ್ ಪೇಪರು, ಮತ್ತೆ ವಕೀಲರು, ಮತ್ತೆ ಅರ್ಧ ದಿನ ಕೋರ್ಟಿನ ಕಾರಿಡಾರು. ಯಾವ ತರಹದ ಅಫಿಡವಿಟ್ ಅಂತ ಬರವಣಿಗೆಯಲ್ಲಿ ಮಾದರಿ ಕೇಳಿ ಪಡೆದುಕೊಂಡೇ ಮಾಡಿಸಿ. ಜಾಹೀರಾತಿನಲ್ಲಿ ಅಫಿಡವಿಟ್ಟಿನ ವಾಕ್ಯವೇ ಇರಲಿ, ಪುಟ ಪೂರ್ತಿ ಇಟ್ಟುಕೊಳ್ಳಿ, ಕತ್ತರಿಸಬೇಡಿ. ಜಾಹೀರಾತು ಬಂದ ದಿನ ಅಮ್ಮ ಕನ್ನಡ ಪತ್ರಿಕೆಯಲ್ಲಿ ತನ್ನ ಎರಡೂ ಹೆಸರನ್ನು ಬೆರಳಿಟ್ಟು ಓದಿದಳು. ಪೇಪರಿನಲ್ಲಿ ಹೆಸರು ಬಂದದ್ದು ಅವಳಿಗೆ ಅದೇ ಮೊದಲು.

ನಮಗೆ ಒಟ್ಟು ಆದ ಖರ್ಚು ಬರೆದಿಟ್ಟಿದ್ದೇನೆ. ಜಾಹೀರಾತು ಎರಡಕ್ಕೆ 3,400, ವಕೀಲರು ಮತ್ತು ಅಫಿಡವಿಟ್ ಎರಡು ಸಲಕ್ಕೆ 2,300, ಜೆರಾಕ್ಸ್-ಫೋಟೋ-ಸೈಬರ್ 900, ಮೈಸೂರಿಗೆ ಮೂರು ಸಲ, ಬೆಂಗಳೂರಿನೊಳಗೆ ಲೆಕ್ಕವಿಲ್ಲದಷ್ಟು ಸಲ ಓಡಾಡಿದ್ದು ಸೇರಿ 5,000ದ ಹತ್ತಿರ. ಸರ್ಕಾರಿ ಶುಲ್ಕ ಅಂತ ಹೋದದ್ದು ಚಿಲ್ಲರೆ ಕಾಸು. ನಾನು ಹಾಕಿದ ರಜೆ ಹದಿನಾಲ್ಕು.

ಆಗಸ್ಟ್ ಕೊನೆಗೆ ಕಡತ ಹೊರಟಿತು. ಆಮೇಲೆ ಕಾಯುವುದು. ಈ ಹೊತ್ತಿಗೆ ಮನೆಯ ಕೈ ಬಿಗಿಯಾಗಿತ್ತು; ತಮ್ಮ ಕಳಿಸುತ್ತಿದ್ದ, ಅಮ್ಮನಿಗೆ ಅವನ ದುಡ್ಡು ಮುಟ್ಟಲು ಸಂಕೋಚ. "ಅಪ್ಪನ ದುಡ್ಡಾದ್ರೆ ಕೇಳ್ಬೇಕಾಗಿರ್ಲಿಲ್ಲ" ಅನ್ನುವಳು. ಕಾಯುವವರಿಗೆ ಒಂದು ಸಮಾಧಾನ: ಕುಟುಂಬ ಪಿಂಚಣಿ ಲೆಕ್ಕಕ್ಕೆ ಬರುವುದು ಸಾವಿನ ಮರುದಿನದಿಂದ, ಮಂಜೂರಾದ ದಿನದಿಂದ ಅಲ್ಲ. ತಡವಾದದ್ದು ಕಳೆದುಹೋಗುವುದಿಲ್ಲ. ಅಮ್ಮನಿಗೆ ಬಂದದ್ದು ಸಾಮಾನ್ಯ ದರ. ಪಿಂಚಣಿದಾರರು 67 ತುಂಬುವ ಮೊದಲೇ ತೀರಿಕೊಂಡರೆ ಮಾತ್ರ ಕೆಲವು ವರ್ಷ ಹೆಚ್ಚಿನ ದರ ಇರುತ್ತದೆ. ಅಪ್ಪನಿಗೆ 75 ದಾಟಿತ್ತು. ಇದಕ್ಕಾದರೆ ತುಟ್ಟಿಭತ್ಯೆ ಸೇರುತ್ತದೆ, ಇಪಿಎಸ್‌ನ ಹಾಗಲ್ಲ.

ನಡುವೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡಿನ ವಿಷಯ. ಅಪ್ಪ ಇದ್ದಾಗ ಅಮ್ಮ ಅವಲಂಬಿತೆ, ಅವರು ಹೋದ ಮೇಲೆ ಅವಳೇ ಮುಖ್ಯ ಸದಸ್ಯೆ. ಕಾರ್ಡ್ ಬದಲಿಸಬೇಕು. ಇಲ್ಲಿ ಹೊಸ ದುಡ್ಡು ಕಟ್ಟಬೇಕಿಲ್ಲ, 1996ಕ್ಕೆ ಮುಂಚೆ ನಿವೃತ್ತರಾದವರಿಗೆ ವಂತಿಗೆಯ ವಿನಾಯಿತಿ ಇದೆ. ಆದರೆ ಪಿಂಚಣಿ ಕಡತದ ಹಾಗೇ ಇಲ್ಲೂ ಹೆಸರು ತಾಳೆಯಾಗಬೇಕು, ಹಾಗಾಗಿ ತಿದ್ದುಪಡಿ ಆದ ಮೇಲೇ ಕೈ ಹಾಕಿ. ಅಮ್ಮನ ಬಿಪಿ ಮಾತ್ರೆಗೆ ನಾವು ಅಲ್ಲಿಯವರೆಗೆ ಹೊರಗೆ ಕೊಂಡೆವು.

ಡಿಸೆಂಬರ್ 16 ಬಂತು. ಯಾರೂ ಏನೂ ಅನ್ನಲಿಲ್ಲ, ಸಿಹಿ ತರಲೂ ಇಲ್ಲ. ವರ್ಷದ ತಿಥಿ ಆಗದ ಮನೆ. ರಾತ್ರಿ ಅಮ್ಮ ಮಲಗುವ ಮುಂಚೆ ವಾಚಿಗೆ ಕೀಲಿ ಕೊಟ್ಟು, "ನಂಗೀಗ ಎಷ್ಟು ವರ್ಷ ಅಂತ ಆ ಲೆಕ್ಕದಲ್ಲಿ?" ಅಂತ ಕೇಳಿದಳು. ಎಪ್ಪತ್ತು ಅಂದೆ.

ಜನವರಿ ಮೊದಲ ವಾರ ತಿದ್ದುಪಡಿ ಪಿಪಿಓ ಬಂತು. ಹೆಸರು 'ಅಮ್ಮ' ಅಂತ ಮುಗಿದಿತ್ತು, ಹುಟ್ಟಿದ ದಿನ ಜನವರಿ 1. ಮೂರು ವಾರಕ್ಕೆ ಅವರೆಕಾಯಿ ಸುಲಿಯುವಾಗ ಆ ಮೆಸೇಜು. ಇನ್ನು ಪ್ರತಿ ವರ್ಷ ಜೀವನ ಪ್ರಮಾಣ, ಅಂದರೆ ಬದುಕಿದ್ದೇನೆ ಅನ್ನುವ ದೃಢೀಕರಣ, ಕೊಡಬೇಕು, ಮೊಬೈಲಿನಲ್ಲೇ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಆಗುತ್ತದೆ. ಸೇನೆಯದಕ್ಕೆ ಬೇರೆ, ಇಪಿಎಸ್‌ಗೆ ಬೇರೆ, ಒಂದು ಕೊಟ್ಟರೆ ಎರಡಕ್ಕೂ ಆಯಿತು ಅಂದುಕೊಳ್ಳಬೇಡಿ.

ಹೊಸ ಪಿಪಿಓ, ಮರಣ ಪತ್ರದ ಪ್ರತಿಗಳು, ಅಫಿಡವಿಟ್ಟು, ಎಲ್ಲ ನನ್ನ ಹತ್ತಿರದ ಪ್ಲಾಸ್ಟಿಕ್ ಫೈಲಿನಲ್ಲಿವೆ. ಕಾರ್ಬನ್ ಪ್ರತಿಯನ್ನು ಅದಕ್ಕೇ ಸೇರಿಸಲು ಕೇಳಿದೆ. ಅಮ್ಮ ಕೊಡಲಿಲ್ಲ.